ಗಂಜಿಯ ನಂಜು

ನಂಜನಗೂಡಿನ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಬೇಕರಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಹಲ್ಲು ಕೀಳಿಸಿಕೊಂಡು ಬಂದವರನ್ನು ಗುರುತಿಸುವುದು ಕಷ್ಟವಲ್ಲ. ಒಂದು ಕೆನ್ನೆ ದಪ್ಪ, ಬಾಯಲ್ಲಿ ಹತ್ತಿ, ಬೆರಳು ತೋರಿಸಿ ವ್ಯಾಪಾರ. ಮಾತೆಲ್ಲ ಜೊತೆಗೆ ಬಂದವರದು. "ಹಲ್ ಕೀಳ್ಸವ್ರೆ, ಒಂದು ಪೌಂಡು ಬ್ರೆಡ್ ಕೊಡಿ." ಬೇಕರಿಯವನು ಬ್ರೆಡ್ಡಿನ ಜೊತೆ ಸಲಹೆಯನ್ನೂ ಪುಕ್ಕಟೆ ಕಟ್ಟಿಕೊಡುತ್ತಾನೆ: "ಬರೀ ಗಂಜಿ ಕುಡೀರಿ, ಬ್ಯಾರೆ ಏನೂ ಮುಟ್‌ಬ್ಯಾಡಿ." ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನು ಹೌದೌದೆಂದು ತಲೆಯಾಡಿಸುತ್ತಾನೆ. ಮನೆಗೆ ಹೋದರೆ ಅಲ್ಲಿಯೂ ಇದೇ ತೀರ್ಪು ಕಾದಿರುತ್ತದೆ. ಕಪಿಲೆಯ ದಂಡೆಯ ನಂಜನಗೂಡಿನಿಂದ ಕಾವೇರಿ ಕಪಿಲೆ ಕೂಡುವ ತಿರುಮಕೂಡಲಿನವರೆಗೆ ಜನ ಯಾವ ವಿಷಯದಲ್ಲೂ ಇಷ್ಟು ಒಗ್ಗಟ್ಟಾಗಿರುವುದನ್ನು ನಾನು ಕಂಡಿಲ್ಲ.

ಆ ಒಗ್ಗಟ್ಟಿನ ಮೇಲೆಯೇ ನನ್ನ ತಕರಾರು.

ಗಂಜಿಯ ಮೇಲೆ ನನಗೆ ಹಗೆಯೇನಿಲ್ಲ. ವಾಂತಿಭೇದಿಯಾಗಿ ಸೊರಗಿದವರಿಗೆ ಅದು ಒಳ್ಳೆಯದೇ. ಆದರೆ ಇಲ್ಲಿ ಕಿತ್ತದ್ದು ಹಲ್ಲು. ಜಠರ ಇದ್ದಲ್ಲೇ ಇದೆ, ಕರುಳು ಇದ್ದಲ್ಲೇ ಇದೆ, ಎರಡಕ್ಕೂ ಎಂದಿನಂತೆ ಹಸಿವಾಗುತ್ತದೆ. ವೈದ್ಯರು ಹೇಳಿದ್ದು ‘ಮೆತ್ತಗಿನದು ತಿನ್ನಿ’ ಎಂದು. ಅದು ಕಿವಿಗೆ ಬೀಳುವಾಗ ‘ತೆಳ್ಳಗಿನದು’ ಆಯಿತು, ಅಡುಗೆಮನೆಗೆ ಬರುವಷ್ಟರಲ್ಲಿ ‘ಏನೂ ಇಲ್ಲದ್ದು’ ಆಯಿತು.

ಏನೂ ಇಲ್ಲದ್ದು ಎಂದರೆ ಎಷ್ಟು ಇಲ್ಲದ್ದು? ಒಂದು ಬಟ್ಟಲು ಕುಡಿಯುವ ಗಂಜಿಗೆ ಹಿಡಿಯಕ್ಕಿ, ಹೆಚ್ಚೆಂದರೆ 30 ಗ್ರಾಂ. ಅದರಲ್ಲಿ ಪ್ರೋಟೀನು ಎರಡು ಗ್ರಾಮಿನ ಮೇಲೆ ಚೂರು, ಶಕ್ತಿ ನೂರು ಕ್ಯಾಲೊರಿಯ ಆಚೀಚೆ. ದಿನಕ್ಕೆ ನಾಲ್ಕು ಬಟ್ಟಲು ಕುಡಿದರೂ ಪ್ರೋಟೀನು ಒಂಬತ್ತು ಗ್ರಾಂ, ಶಕ್ತಿ ನಾನೂರು ಚಿಲ್ಲರೆ. 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕೆಂದು ಐಸಿಎಂಆರ್‌ನ 2020ರ ಶಿಫಾರಸು ಹೇಳುತ್ತದೆ. ಅದೂ ಮೈಮೇಲೆ ಗಾಯವಿಲ್ಲದವಳಿಗೆ. ಬಾಯಲ್ಲಿ ಹಸಿ ಗಾಯ ಇಟ್ಟುಕೊಂಡವಳಿಗೆ ನಾವು ಅದರ ಐದನೆಯ ಒಂದು ಪಾಲು ಕೊಟ್ಟು, ಬೇಗ ವಾಸಿಯಾಗಲಿ ಎಂದು ಊರ ದೇವರು ಶ್ರೀಕಂಠೇಶ್ವರನಿಗೆ ಹರಕೆ ಹೊರುತ್ತೇವೆ. ವಸಡು ಕೂಡಿಕೊಳ್ಳುವುದು ಪ್ರೋಟೀನಿನಿಂದ, ಸಿ ಜೀವಸತ್ವದಿಂದ. ಹರಕೆ ಆಮೇಲಿನ ಮಾತು.

ಮೂರು ದಿನಕ್ಕೆ ಯಾರೂ ಸಾಯುವುದಿಲ್ಲ ಎಂದು ನನ್ನ ಬಾಯಿ ಮುಚ್ಚಿಸುವವರಿದ್ದಾರೆ. ಗಟ್ಟಿಮುಟ್ಟಾದ ಹುಡುಗನಿಗೆ ಒಂದು ಹಲ್ಲು ಕಿತ್ತಿದ್ದರೆ ಆ ಮಾತು ಒಪ್ಪುತ್ತೇನೆ. ಆದರೆ ಗಂಜಿ ಎಲ್ಲರ ಮನೆಯಲ್ಲೂ ಮೂರು ದಿನಕ್ಕೆ ಮುಗಿಯುವುದಿಲ್ಲ.

ನನ್ನ ಸೋದರತ್ತೆ ತಲಕಾಡಿನ ಕಡೆಯವರು. ಎಪ್ಪತ್ತರ ಹತ್ತಿರ. ಹಲ್ಲು ಒಂದೊಂದಾಗಿ ಅಲ್ಲಾಡತೊಡಗಿದ ಮೇಲೂ ಎಲೆಯಡಿಕೆ ಬಿಡಲಿಲ್ಲ, ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಉಳಿದದ್ದನ್ನೆಲ್ಲ ಕೀಳಿಸಿ ಹಲ್ಲುಸೆಟ್ಟು ಹಾಕಿಸುವುದೆಂದಾಯಿತು. ಎಲ್ಲವನ್ನೂ ಒಂದೇ ದಿನ ಕೀಳಲಿಲ್ಲ, ವಾರಕ್ಕೆ ಮೂರು, ನಾಲ್ಕು. ಎಲ್ಲ ಕಿತ್ತ ಮೇಲೆ ವಸಡು ಮಾಗಿ ಗಟ್ಟಿಯಾಗಬೇಕು, ಅದಕ್ಕೆ ಎರಡು ಮೂರು ತಿಂಗಳು. ಆಮೇಲೆ ಅಳತೆ. ಲೆಕ್ಕ ಹಾಕಿದರೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳೂ ಅತ್ತೆಗೆ ಅಕ್ಕಿ ಗಂಜಿ, ಹಾಲಿಗೆ ಅದ್ದಿದ ಬ್ರೆಡ್ಡು, ಬಿಸ್ಕತ್ತು. ನಾನು ಹೋದಾಗ ಜಗುಲಿಯ ಮೇಲೆ ಕೂತಿದ್ದರು. ಮುಂಗೈಯಲ್ಲಿ ಬಿಗಿಯಾಗಿ ಕೂರುತ್ತಿದ್ದ ಗಾಜಿನ ಬಳೆ, ಕೈ ಎತ್ತಿ ಸೆರಗು ಸರಿಮಾಡಿಕೊಂಡರೆ ಮೊಣಕೈವರೆಗೆ ಜಾರುತ್ತಿತ್ತು. ಕಂಬ ಹಿಡಿಯದೆ ಏಳಲಾಗುತ್ತಿರಲಿಲ್ಲ. "ವಯಸ್ಸಾಯ್ತಲ್ಲ" ಎಂದರು ಮನೆಯವರು. ನಾಲ್ಕೇ ತಿಂಗಳಲ್ಲಿ ಅಷ್ಟು ವಯಸ್ಸು ಹೇಗಾಯಿತು ಎಂದು ಯಾರೂ ಕೇಳಲಿಲ್ಲ.

ಅತ್ತೆ ಮಾತ್ರ ಕೇಳಿದ್ದರು, ಬೇರೆ ಥರ. ಸೊಸೆ ಮುದ್ದೆ ತೊಳಸುತ್ತಿದ್ದ ಹೊತ್ತಿನಲ್ಲಿ, ಆ ವಾಸನೆಗೆ. "ನಂಗೂ ಒಂದೀಟು ಹಿಟ್ಟು ಹಾಕವ್ವ." "ಹಲ್ಲಿಲ್ವಲ್ಲತ್ತೆ, ಹೆಂಗ್ ತಿಂದೀರಿ?" "ಅಲ್ಲ ಕಣವ್ವ, ಹಿಟ್ಟ ಯಾರಾದ್ರೂ ಅಗೀತಾರಾ?"

ಈ ಒಂದು ಪ್ರಶ್ನೆಗೆ ನಮ್ಮ ಪಥ್ಯಪಂಡಿತರ ಹತ್ತಿರ ಉತ್ತರವಿಲ್ಲ. ಅಗಿಯದೆ ನುಂಗುವ ಊಟವನ್ನು ತಲೆತಲಾಂತರದಿಂದ ಉಣ್ಣುತ್ತ ಬಂದ ಸೀಮೆ ಇದು. ಬೇರೆ ನಾಡಿನಿಂದ ಬಂದವನು ಮುದ್ದೆ ಬಾಯಿಗಿಟ್ಟು ಅಗಿಯಲು ಹೊರಟರೆ ಎಲೆಯ ಮುಂದೆ ಕೂತವರೆಲ್ಲ ನಗುತ್ತೇವೆ. ಅಂಥ ನಾವು ಹಲ್ಲಿಲ್ಲದವರ ತಟ್ಟೆಯಿಂದ ಮೊದಲು ತೆಗೆದದ್ದು ಮುದ್ದೆಯನ್ನೇ! ಜೊತೆಗೆ ತೆಗೆದದ್ದು ಮಸ್ಸೊಪ್ಪು. ಹೆಸರೇ ಹೇಳುವಂತೆ ಅದು ಮಸೆದ ಸೊಪ್ಪು. ಬೇಳೆ, ಸೊಪ್ಪು ಬೇಯಿಸಿ, ನಾರು ನುಣ್ಣಗಾಗುವ ತನಕ ಅರೆದದ್ದು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಏಳು ಗ್ರಾಂ ಪ್ರೋಟೀನು, 350 ಮಿಲಿಗ್ರಾಂನಷ್ಟು ಸುಣ್ಣದಂಶ. ಒಬ್ಬರ ಪಾಲಿನ ಮಸ್ಸೊಪ್ಪಿಗೆ 40 ಗ್ರಾಂ ತೊಗರಿಬೇಳೆ ಬಿದ್ದರೆ ಇನ್ನು ಒಂಬತ್ತು ಗ್ರಾಂ ಪ್ರೋಟೀನು. ಎರಡು ಹೊತ್ತು ಇದನ್ನುಂಡು, ಮಧ್ಯೆ ಎರಡು ಮೊಟ್ಟೆಯನ್ನೋ ಒಂದು ದೊಡ್ಡ ಬಟ್ಟಲು ಮೊಸರು, ಒಂದು ಲೋಟ ಹಾಲನ್ನೋ ಸೇರಿಸಿದರೆ ಐಸಿಎಂಆರ್ ಹೇಳಿದ ಲೆಕ್ಕದ ಹತ್ತಿರಕ್ಕೆ ಬಂದೆವು. ಇದರಲ್ಲಿ ಹಲ್ಲಿನ ಕೆಲಸ ಎಲ್ಲಿದೆ ತೋರಿಸಿ.

ಎಚ್ಚರ ಹೇಳಬೇಕಾದ ಕಡೆ ಹೇಳುತ್ತೇನೆ. ಹಲ್ಲು ಕಿತ್ತ ದಿನವೇ ಹಬೆಯಾಡುವ ಮುದ್ದೆ ಬೇಡ, ಆರಿದ ಅಂಬಲಿಯೋ ಮಜ್ಜಿಗೆಯಲ್ಲಿ ಕಿವುಚಿದ ಮುದ್ದೆಯೋ ಇರಲಿ. ಖಾರ ಕಮ್ಮಿ. ಒಗ್ಗರಣೆಯ ಸಾಸಿವೆಯನ್ನು ಆರಿಸಿಬಿಡಿ, ಒಂದು ಕಾಳು ಹೋಗಿ ಕುಳಿಯಲ್ಲಿ ಕೂತರೆ ರಾತ್ರಿಯೆಲ್ಲ ನಾಲಿಗೆ ಅಲ್ಲೇ ಓಡಾಡುತ್ತದೆ. ಪಾರ್ಶ್ವವಾಯು ಹೊಡೆದವರಿಗೆ, ನುಂಗುವಾಗ ಕೆಮ್ಮು ಬರುವವರಿಗೆ ಮುದ್ದೆ ಅಪಾಯ, ಗಂಟಲಲ್ಲಿ ನಿಂತೀತು. ಅವರಿಗೆ ಏನು ಕೊಡಬೇಕೆಂಬುದನ್ನು ವೈದ್ಯರನ್ನು ಕೇಳಿಯೇ ಕೊಡಬೇಕು.

ಇನ್ನು ನಂಜಿನ ಮಾತು. ಗಂಜಿವಾದಕ್ಕೆ ಬೆನ್ನೆಲುಬು ಅದೇ. ಬೇಳೆ ನಂಜು, ಅವರೆಕಾಳು ನಂಜು, ಬದನೆಕಾಯಿ ನಂಜು, ಕುಂಬಳ ನಂಜು, ಮೊಟ್ಟೆ ಮೀನು ಬಾಡು ಮಹಾನಂಜು. ಮೊಸರು, ಬಾಳೆಹಣ್ಣು ನಂಜಲ್ಲ ಎಂದುಕೊಂಡರೆ ಅವು ಶೀತ. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ ನೋಡಿ: ಗಾಯ ಮಾಯಲು ಬೇಕಾದದ್ದನ್ನೆಲ್ಲ ಹುಡುಕಿ ಹುಡುಕಿ ಸೇರಿಸಿದಂತಿದೆ. ವಿಷವನ್ನೇ ಉಂಡು ನಂಜುಂಡನೆನಿಸಿಕೊಂಡ ದೇವರ ಊರಿನಲ್ಲಿ ಒಂದು ಬೇಯಿಸಿದ ಮೊಟ್ಟೆಗೆ ಇಷ್ಟು ಹೆದರುವುದೆ? ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿಯಾಗಿ, ಅವನು ಈ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬ ಐತಿಹ್ಯವನ್ನು ನಾವು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆ ಹಕೀಮನೇನಾದರೂ ಈ ಪಥ್ಯದ ಪಟ್ಟಿ ನೋಡಿದ್ದರೆ ಎರಡನೆಯ ಸಲ ವಿಷ ಕುಡಿಯುತ್ತಿದ್ದ.

ಹಲ್ಲು ಕಿತ್ತ ಮೇಲೆ ನಿಜವಾಗಿ ನಡೆಯುವುದೇನು? ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಮುಚ್ಚಳ, ಅದೇ ಹೊಸ ಮಾಂಸ ಹಬ್ಬುವ ಚಪ್ಪರ. ಅದು ಎದ್ದುಹೋದರೆ ಒಳಗಿನ ಮೂಳೆ ಬರಿದಾಗಿ, ಎರಡು ಮೂರು ದಿನದ ಮೇಲೆ ಕಿವಿಯ ತನಕ ಸೆಳೆಯುವ ನೋವು ಶುರುವಾಗುತ್ತದೆ. ಜನ ‘ನಂಜಾಯ್ತು’ ಎನ್ನುವುದು ಬಹುಪಾಲು ಇದಕ್ಕೇ. ಅದನ್ನು ಎಬ್ಬಿಸುವುದು ಅವರೆಕಾಳಲ್ಲ. ಬೀಡಿ ಎಳೆಯುವುದು, ಮತ್ತೆ ಮತ್ತೆ ಉಗುಳುವುದು, ಮೊದಲ ದಿನವೇ ಜೋರಾಗಿ ಮುಕ್ಕಳಿಸುವುದು, ಸ್ಟ್ರಾ ಹಾಕಿ ಹೀರುವುದು. ಅಂದರೆ ಬೇಳೆ ಬಿಟ್ಟು, ಮೊಟ್ಟೆ ಬಿಟ್ಟು, ಶ್ರದ್ಧೆಯಿಂದ ಪಥ್ಯ ಮಾಡುತ್ತಿರುವ ಯಜಮಾನ ರಸ್ತೆ ಬದಿಯಲ್ಲಿ ನಿಂತು ಸ್ಟ್ರಾದಲ್ಲಿ ಎಳನೀರು ಹೀರಿ, ಮೇಲೊಂದು ಬೀಡಿ ಹಚ್ಚಿದರೆ, ಅವನ ಕುಳಿಗೆ ಆಗುವ ಗತಿಗೆ ಹೊಣೆ ಯಾರು? ಮನೆಯಲ್ಲಿ ಹೆಂಡತಿ ಮರೆತು ಸಾರಿಗೆ ಹಾಕಿದ ಎರಡು ಹೋಳು ಬದನೆಕಾಯಿ! ಎಳನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರೆ ತೊಂದರೆಯಿಲ್ಲ. ಆದರೆ ಅದನ್ನೇ ಊಟವೆಂದುಕೊಳ್ಳಬಾರದು; ಅದರಲ್ಲಿ ಇರುವುದು ನೀರು, ಒಂದಿಷ್ಟು ಲವಣ, ಚೂರು ಸಕ್ಕರೆ. ಯಾರಿಗಾದರೂ ಒಂದು ಪದಾರ್ಥ ತಿಂದರೆ ಮೈ ಕಡಿತ, ದದ್ದು ಬರುವುದಿದ್ದರೆ ಅದು ಬೇರೆ ಸಂಗತಿ, ಅವರು ಹಲ್ಲಿದ್ದಾಗಲೂ ಅದನ್ನು ತಿನ್ನಬಾರದು.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಆರು ತಿಂಗಳ ಕೂಸಿಗೂ ಹಲ್ಲಿರುವುದಿಲ್ಲ. ಆ ಕೂಸಿಗೆ ನಾವೇನು ಮಾಡುತ್ತೇವೆ? ರಾಗಿಯನ್ನು ಕಲ್ಲು ಆರಿಸಿ, ತೊಳೆದು, ನೆನೆಹಾಕಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಪಂಚೆಯಲ್ಲಿ ವಸ್ತ್ರಗಾಳಿತ ಹಿಡಿದು ಸರಿಹಿಟ್ಟನ್ನು ಡಬ್ಬಿಗೆ ತುಂಬುತ್ತೇವೆ. ಸರಿ ಕಾಯಿಸುವಾಗ ಹಾಲು, ತುಪ್ಪ. ಅಜ್ಜಿ, ಅಮ್ಮ, ಚಿಕ್ಕಮ್ಮ ಮೂವರೂ ಸರದಿಯಲ್ಲಿ ನಿಲ್ಲುತ್ತಾರೆ. ಹಲ್ಲು ಹುಟ್ಟದ ಬಾಯಿಗೆ ಈ ಮರ್ಯಾದೆ. ಹಲ್ಲು ಬಿದ್ದ ಬಾಯಿಗೆ, ಅಂದರೆ ಆ ಸರಿಹಿಟ್ಟನ್ನು ಐದಾರು ಮಕ್ಕಳಿಗೆ ಬೀಸಿಕೊಟ್ಟ ಅದೇ ಅಜ್ಜಿಗೆ, ಕುಕ್ಕರಿನಲ್ಲಿ ನಾಲ್ಕು ಸೀಟಿ ಹೆಚ್ಚಾಗಿ ಕೂಗಿಸಿದ ಅನ್ನ, ಅದಕ್ಕೊಂದು ಚೊಂಬು ನೀರು.

ಸರಿಹಿಟ್ಟಿನ ಗುಟ್ಟು ಪ್ರೀತಿಯೊಂದೇ ಅಲ್ಲ, ರಸಾಯನವೂ ಹೌದು. ನಂಜನಗೂಡಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರದ ಮೈಸೂರಿನಲ್ಲಿ, ಚೆಲುವಾಂಬ ಅರಮನೆಯಲ್ಲಿ, 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರಾಗಿ ಮೊಳಕೆಯ ಮೇಲೆ ಬಹಳ ಕೆಲಸ ಮಾಡಿದೆ, ಅಲ್ಲಿನ ವಿಜ್ಞಾನಿ ಎನ್.ಜಿ. ಮಲ್ಲೇಶಿಯವರ ಹೆಸರನ್ನು ಈ ವಿಷಯ ಓದಿದವರು ಬಲ್ಲರು. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಸಾಮಾನ್ಯ ಹಿಟ್ಟನ್ನು ಕುದಿಸಿದರೆ ಬೇಗ ಮಂದವಾಗಿ ಬಾಯಿಗೆ ಅಂಟುತ್ತದೆ, ಕುಡಿಯುವ ಹದಕ್ಕೆ ತರಲು ನೀರು ಸುರಿಯಬೇಕು, ಸುರಿದಷ್ಟೂ ಸತ್ವ ತೆಳುವಾಗುತ್ತದೆ. ಮೊಳಕೆ ಹಿಟ್ಟು ಹಾಗಲ್ಲ, ಕುದಿಯುತ್ತಿದ್ದಂತೆ ತಾನೇ ಸಡಿಲವಾಗುತ್ತದೆ. ಅದೇ ಹದದ ಒಂದು ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಸಣ್ಣ ಹೊಟ್ಟೆಯ ಕೂಸಿಗೂ ನಾಲ್ಕು ಗುಟುಕಿಗೆ ಸಾಕೆನ್ನುವ ಮುದುಕಿಗೂ ಬೇಕಾದದ್ದು ಇದೇ. ಆ ಸಂಸ್ಥೆ ಮೊದಲ ದಿನಗಳಲ್ಲಿ ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಪಾಲು ಸೇರಿಸಿ ಪ್ರೋಟೀನು ಪುಡಿಯೊಂದನ್ನು ಮಾಡಿತ್ತು, ಬಡವರ ಊಟಕ್ಕೆ ಬೆರೆಸಲೆಂದು. ನಾವೀಗ ರೋಗಿ ನೋಡಲು ಹೋಗುವಾಗ ಹೊಳೆಯುವ ಡಬ್ಬಿಯ ಪೌಷ್ಟಿಕ ಪುಡಿ ಒಯ್ಯುತ್ತೇವೆ, ಅದರ ಮೊದಲ ಎರಡು ಮೂರು ಹೆಸರಿನಲ್ಲಿ ಸಕ್ಕರೆ ಇದೆಯೇ ಎಂದು ತಿರುಗಿಸಿ ನೋಡುವುದಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಕಟ್ಟಿದವನ ಮನೆಯಲ್ಲಿ ಬೀಸುಕಲ್ಲು ಇರಲಿಲ್ಲವೆಂದು ಕಾಣುತ್ತದೆ. ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಅಂಬಲಿಗೆ ಎರಡು ಚಮಚ ಕಲಸಿದರೆ ಹಲ್ಲಿಲ್ಲದವನೂ ಕಡಲೆ ತಿಂದ ಹಾಗೆಯೇ.

ಸಕ್ಕರೆ ಕಾಯಿಲೆಯವರ ವಿಚಾರದಲ್ಲಂತೂ ಗಂಜಿಪಥ್ಯ ತಮಾಷೆಯ ಗಡಿ ದಾಟುತ್ತದೆ. ಬೆಳಿಗ್ಗೆ ಎಂದಿನ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಬಾಯಿ ನೋವೆಂದು ಬರೀ ತಿಳಿ ಕುಡಿದರೆ ಮಧ್ಯಾಹ್ನಕ್ಕೆ ಸಕ್ಕರೆ ಕುಸಿದು ಮೈ ಬೆವರಿ ಕೈ ನಡುಗುತ್ತದೆ. ಇಲ್ಲವೇ ಸಪ್ಪೆ ಗಂಜಿ ಇಳಿಯುವುದಿಲ್ಲವೆಂದು ಬೆಲ್ಲ ಹಾಕಿ, ಮಧ್ಯೆ ಬಿಸ್ಕತ್ತು, ತಂಪಿಗೆ ಐಸ್‌ಕ್ರೀಂ. ಸಂಜೆಗೆ ಸಕ್ಕರೆ ಗೋಪುರ ಹತ್ತುತ್ತದೆ. ಸಕ್ಕರೆ ಏರಿದ ಮೈಯಲ್ಲಿ ಗಾಯ ಮಾಯುವುದು ನಿಧಾನ, ಕೀವಾಗುವುದು ಸುಲಭ. ಇವರಿಗೆ ಹೆಸರುಬೇಳೆ ಮೃದುವಾಗಿ ಬೆಂದ ಖಾರವಿಲ್ಲದ ಹುಗ್ಗಿ, ಬೇಳೆಕಟ್ಟಿನ ಜೊತೆ ಸಣ್ಣ ಮುದ್ದೆ, ಮೊಸರು, ಮೊಟ್ಟೆ, ಅದೂ ಹೊತ್ತು ಹೊತ್ತಿಗೆ. ರಾಗಿ ಸಕ್ಕರೆ ಕಾಯಿಲೆಗೆ ಮದ್ದು ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ತೆಳ್ಳಗೆ ಕಾಯಿಸಿ ಕುಡಿದ ರಾಗಿಯೂ ಸಕ್ಕರೆ ಏರಿಸುತ್ತದೆ, ಬೇಳೆ ಜೊತೆಗಿದ್ದರೆ ಅಷ್ಟು ಬೇಗ ಏರುವುದಿಲ್ಲ, ಅಷ್ಟೇ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿ ಎದೆ ಉರಿ ಎಂದು ಮತ್ತೆ ಆಸ್ಪತ್ರೆಗೆ ಓಡುವವರಿಗೂ ಇದೇ ಉತ್ತರ: ಗಂಜಿ ನೀರು ಕುಡಿದ ಹೊಟ್ಟೆ ಖಾಲಿ ಹೊಟ್ಟೆಯೇ.

ಮಕ್ಕಳ ಪಾಲಿಗೆ ಗಂಜಿಯ ಬದಲು ಐಸ್‌ಕ್ರೀಮಿನ ದರ್ಬಾರು. ಹುಳುಕು ಹಲ್ಲಿನ ಮಗುವಿಗೆ ಸಮಾಧಾನಕ್ಕೊಂದು ಕಪ್ಪು ಕೊಡಿಸಿದರೆ ತಪ್ಪಿಲ್ಲ. ಆದರೆ ಚುಚ್ಚುಮದ್ದಿಗೆ ಮರಗಟ್ಟಿದ ತುಟಿಯನ್ನು ಮಗು ತಾನೇ ಕಚ್ಚಿ ರಕ್ತ ಮಾಡಿಕೊಳ್ಳುತ್ತದೆ, ಆದ್ದರಿಂದ ಜೋಮು ಇಳಿಯುವ ತನಕ ಎರಡು ಮೂರು ಗಂಟೆ ಊಟವಿಲ್ಲದೆ ಕಣ್ಣಿಟ್ಟು ಕೂರುವುದೇ ಮೇಲು. ಆಮೇಲೆ ಮೊಸರನ್ನ ಹಿಸುಕಿ ಕೊಡಿ, ಬಾಳೆಹಣ್ಣು ಕೊಡಿ. ನಂಜನಗೂಡು ರಸಬಾಳೆ ಸಿಕ್ಕರೆ ಭಾಗ್ಯ, ಸಿಪ್ಪೆ ಕಪ್ಪಾದರೂ ಒಳಗೆ ಬೆಣ್ಣೆ. ದೇವರಸನಹಳ್ಳಿಯ ಸುತ್ತಿನ ಆ ಬೆಳೆಯನ್ನು ಸೊರಗು ರೋಗ ತಿಂದುಹಾಕಿ, ಈಗ ಭೌಗೋಳಿಕ ಸೂಚಕದ ಪತ್ರವೇ ಹಣ್ಣಿಗಿಂತ ಸುಲಭವಾಗಿ ಸಿಗುತ್ತದೆ. 2022ರಿಂದ ರಾಜ್ಯದ ಎಲ್ಲ ಕಡೆ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಬಂದಿದೆ. "ಹಲ್ ಕಿತ್ತವ್ರೆ ಮಿಸ್, ಇವ್ನಿಗೆ ಮೊಟ್ಟೆ ಕೊಡ್‌ಬ್ಯಾಡಿ" ಎಂದು ಹೇಳಿ ಹೋಗುವ ತಾಯಂದಿರಿಗೆ ನನ್ನದೊಂದು ಕೈಮುಗಿತ: ಆ ವಾರ ಅದನ್ನು ತಪ್ಪಿಸಲೇಬೇಡಿ.

ದುಡಿಯುವ ವಯಸ್ಸಿನವರ ಕಷ್ಟ ಬೇರೆ. ಬುದ್ಧಿಹಲ್ಲು ಕೊಯ್ದು ತೆಗೆದವನ ಬಾಯಿ ನಾಲ್ಕೈದು ದಿನ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅಳಗಂಚಿಯ ಕಡೆ ಕಬ್ಬು ಕಡಿಯುವವನೋ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮಾಡುವವನೋ ಆಗಿದ್ದರೆ ಅವನಿಗೆ ರಜೆ ಎಂದರೆ ಕೂಲಿ ಹೋಯಿತೆಂದೇ ಅರ್ಥ. ಗಂಜಿ ಕುಡಿದು ಬಿಸಿಲಿಗೆ ಇಳಿಯುತ್ತಾನೆ. ಬಾಡು ತಿನ್ನುವ ಮನೆಯಾದರೆ ಬನ್ನೂರು ಕುರಿಯ ಸೀಮೆಯಲ್ಲಿ ಕೈಮಾಗೆ ಬರವೇ? ಸಣ್ಣಗೆ ಕೊಚ್ಚಿದ್ದನ್ನು ಮೆತ್ತಗೆ ಬೇಯಿಸಿ ಸಾರಿನಲ್ಲಿ ನೆನೆಸಿದರೆ ನಾಲಿಗೆಯಲ್ಲೇ ಪುಡಿಯಾಗುತ್ತದೆ. ಕಾಲು ಸೂಪಿನ ಮೇಲೆ ಜನಕ್ಕೆ ಬಹಳ ನಂಬಿಕೆ; ಹಿತವಾಗಿರುತ್ತದೆ ನಿಜ, ಆದರೆ ಮಾಂಸದ ಜಾಗಕ್ಕೆ ಅದು ಸಾಲದು. ಮುಳ್ಳು ಬಿಡಿಸಿದ ಹೊಳೆ ಮೀನು ಅದಕ್ಕಿಂತ ವಾಸಿ.

ಅಂದಹಾಗೆ, ಅತ್ತೆಯ ಮಗನಿಗೂ ಹಿಂದಿನ ವರ್ಷ ದವಡೆ ಹಲ್ಲು ಕಿತ್ತಿದ್ದರು. ಅವನಿಗೆ ಮೂರನೆಯ ದಿನಕ್ಕೆ ಹೋಟೆಲಿನಿಂದ ಕುಷ್ಕ ಬಂತು. ನಂಜು ಆಗ ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ. ಗಂಜಿಯ ನಿಜವಾದ ಬಲ ಅದು ಸುಲಭ ಎಂಬುದು, ಕೇಳುವ ದನಿಯಿಲ್ಲದವರಿಗೆ ಅದು ಮೊದಲು ತಗಲುತ್ತದೆ. ಸೊಸೆಯನ್ನು ದೂರಿ ಫಲವಿಲ್ಲ. ಬೆಳಗಿನ ಜಾವ ಎದ್ದು ಮನೆ ಕೆಲಸ ಮುಗಿಸಿ ಗಾರ್ಮೆಂಟ್ಸ್ ಬಸ್ಸು ಹಿಡಿಯುವವಳು ಆಕೆ. ಮುದ್ದೆ ಹೇಗೂ ಮನೆಗೆಲ್ಲ ಆಗುತ್ತದೆ, ಅದರಲ್ಲೇ ನಿಂಬೆಗಾತ್ರದ ನಾಲ್ಕು ತುತ್ತು ತೆಗೆದಿಡಲು ಹೆಚ್ಚಿನ ಕೆಲಸವಿಲ್ಲ ಎಂದು ಆಕೆಗೆ ಹೇಳಬೇಕಾದವರು ಹೇಳಲಿಲ್ಲ, ಅಷ್ಟೇ.

ಹೇಳಬೇಕಾದವರು ಎಂದೆ. ಹಲ್ಲಿನ ವೈದ್ಯರ ಪೈಕಿ ಹಲವರು ಕೊಡುವ ಚೀಟಿಯಲ್ಲಿ ಊಟಕ್ಕೆ ಸಿಗುವ ಜಾಗ ಒಂದು ಸಾಲು. ಇನ್ನು ಕೆಲವರ ಹತ್ತಿರ ಉದ್ದನೆಯ ಪಟ್ಟಿ ಇರುತ್ತದೆ, ಓದಿದರೆ ಅದು ಬೇರೆ ಖಂಡದ್ದು: ಸ್ಮೂದಿ, ಓಟ್ಸ್, ಹಿಸುಕಿದ ಆಲೂಗಡ್ಡೆ, ಬೆಣ್ಣೆಹಣ್ಣು. ಹೆಮ್ಮಿಗೆಯ ಮುದುಕ ಸ್ಮೂದಿ ಎಂದರೇನೆಂದು ಯಾರನ್ನು ಕೇಳಬೇಕು? ಹೀಗಾಗಿ ಪಟ್ಟಿ ಜೇಬಿನಲ್ಲಿ ಉಳಿಯುತ್ತದೆ, ಬೇಕರಿಯವನ ಮಾತು ತಲೆಯಲ್ಲಿ ಉಳಿಯುತ್ತದೆ. ಸಿದ್ದರಾಮಯ್ಯನವರ ಮೊದಲ ಸರ್ಕಾರ ತಂದ ದಂತಭಾಗ್ಯ ಯೋಜನೆ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಟ್ಟಿತು. ಅವರ ವರುಣಾ ಕ್ಷೇತ್ರಕ್ಕೆ ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕಿನ ಹಳ್ಳಿಗಳು ಸೇರಿವೆ. ಒಳ್ಳೆಯ ಯೋಜನೆ. ಕೊನೆಯ ಹಲ್ಲು ಕಿತ್ತ ದಿನದಿಂದ ಸೆಟ್ಟು ಕೂರುವ ದಿನದವರೆಗೆ ಏನು ಉಣ್ಣಬೇಕೆಂಬ ಒಂದು ಪುಟ, ಮುದ್ದೆ ಮಸ್ಸೊಪ್ಪಿನ ಭಾಷೆಯಲ್ಲಿ, ಚಿತ್ರ ಹಾಕಿ, ಸೆಟ್ಟಿನ ಜೊತೆಗಲ್ಲ, ಮೊದಲ ಹಲ್ಲು ಕೀಳುವ ಮೊದಲೇ ಕೊಟ್ಟರೆ ಖರ್ಚು ಎಷ್ಟಾದೀತು? 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದು, ನಸುಗೆಂಪು ಹಲ್ಲುಪುಡಿಯ ಪೊಟ್ಟಣದ ಮೇಲೆ ನಂಜನಗೂಡಿನ ಹೆಸರನ್ನು ಕರ್ನಾಟಕದ ಮನೆಮನೆಗೆ ಕಳಿಸಿದರು. ಹಲ್ಲು ಇರುವ ತನಕದ ಕಾಳಜಿಯಲ್ಲಿ ಈ ಊರಿಗೆ ನೂರು ವರ್ಷದ ಅನುಭವವಿದೆ.

ಅತ್ತೆಯನ್ನು ಜಗುಲಿಯ ಮೇಲೆ ಕಂಡ ಆ ಸಂಜೆಯೇ ಅವರಿಗೆ ಹಿಟ್ಟು ಹಾಕಿಸಿದೆ. ಸೊಸೆ ನಂಜಾದರೆ ನಾನೇ ನೋಡಿಕೊಳ್ಳಬೇಕೆಂದು ಷರತ್ತು ಹಾಕಿದಳು. ಅತ್ತೆ ಬಿಸಿ ಆರುವ ತನಕ ತಟ್ಟೆಯನ್ನು ದಿಟ್ಟಿಸಿ ಕೂತು, ಬೆರಳಲ್ಲಿ ಸಣ್ಣ ಸಣ್ಣ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗಿದರು. ಮೂರು ತುತ್ತಾದ ಮೇಲೆ "ಉಪ್ಪು ಕಮ್ಮಿ" ಎಂದರು. ಹಲ್ಲುಸೆಟ್ಟು ಬಂದದ್ದು ಅದಾಗಿ ಇಪ್ಪತ್ತು ದಿನಕ್ಕೆ. ಈಗ ಮುಡುಕುತೊರೆ ಜಾತ್ರೆಗೋ ಮದುವೆ ಮನೆಗೋ ಹೊರಟರೆ ಹಾಕಿಕೊಳ್ಳುತ್ತಾರೆ, ಹಿಟ್ಟು ಉಣ್ಣಲು ಕೂತಾಗ ತೆಗೆದು ನೀರಿನ ಸ್ಟೀಲ್ ಲೋಟದಲ್ಲಿ ಇಡುತ್ತಾರೆ.